ಬರವೂ ನೆರೆಯೂ ಒಂದೇ ವರ್ಷದಲ್ಲಿ: ತುಂಗಭದ್ರೆಯ ಬಯಲಿನಲ್ಲಿ ಹವಾಮಾನ ಬದಲಾವಣೆ

2009ರ ಮುಂಗಾರು ಇಡೀ ದೇಶಕ್ಕೇ ಕೈಕೊಟ್ಟಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆ ಮಳೆಯಾಗಿತ್ತು. ರಾಜ್ಯದ ಹಲವು ತಾಲ್ಲೂಕುಗಳು ಬರದ ಪಟ್ಟಿಯಲ್ಲಿದ್ದಾಗಲೇ ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವು ಬಳ್ಳಾರಿ, ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮೇಲೆ ನಿಂತು ಕೆಲವೇ ದಿನಗಳಲ್ಲಿ ತಿಂಗಳುಗಟ್ಟಲೆ ಬೀಳಬೇಕಾದ ಮಳೆಯನ್ನು ಸುರಿಸಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮಾಳಿಗೆಯ ಮನೆಗಳು ಊರೂರಿಗೆ ಕುಸಿದವು. ಅಕ್ಟೋಬರ್ 2ರ ಹೊತ್ತಿಗೆ ರಾಯಚೂರು ಗಡಿಯಾಚೆಯ ಮಂತ್ರಾಲಯ ನೀರಿನಲ್ಲಿ ನಿಂತಿತ್ತು, ಕರ್ನೂಲು ನಗರ ಮುಳುಗಿತ್ತು, ಇನ್ನೂ ಕೆಳಗಿನ ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯುಸೆಕ್ ಒಳಹರಿವು ಬಂದಿತ್ತು. ಆ ನೀರು ಮಲೆನಾಡಿನಿಂದ ಇಳಿದು ಬಂದದ್ದಲ್ಲ. ಬಹುಪಾಲು ನಮ್ಮ ಬಯಲುಸೀಮೆಯ ಮೇಲೇ, ವರ್ಷವಿಡೀ ಮಳೆಗೆ ಬಾಯಿಬಿಡುವ ನೆಲದ ಮೇಲೇ ಬಿದ್ದದ್ದು.

ಬರ ಮತ್ತು ನೆರೆ ಒಂದಕ್ಕೊಂದು ವಿರುದ್ಧವಾದವು, ಒಂದು ಬಂದರೆ ಇನ್ನೊಂದು ಇರುವುದಿಲ್ಲ ಎಂಬುದು ನಮ್ಮಲ್ಲಿ ಬೇರೂರಿರುವ ತಿಳಿವಳಿಕೆ. ಸರ್ಕಾರದ ಲೆಕ್ಕಗಳೂ ಹಾಗೇ ಇವೆ; ಬರಕ್ಕೆ ಒಂದು ಕಡತ, ನೆರೆಗೆ ಇನ್ನೊಂದು. ಆದರೆ ಬಿಸಿಯೇರುತ್ತಿರುವ ವಾತಾವರಣದಲ್ಲಿ ಇವೆರಡೂ ಒಂದೇ ಕಾರಣದ ಎರಡು ಮುಖಗಳಾಗಿ, ಒಂದೇ ಹೊಲದಲ್ಲಿ, ಒಂದೇ ಹಂಗಾಮಿನಲ್ಲಿ ಬರಬಲ್ಲವು. ಅದು ಹೇಗೆ ಎಂಬುದನ್ನು ತುಂಗಭದ್ರಾ ಕೊಳ್ಳದ ಒಣಭಾಗವನ್ನು, ಅಂದರೆ ಕೊಪ್ಪಳ, ಬಳ್ಳಾರಿ, ರಾಯಚೂರುಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಆಕಾಶಗಳ ನೀರು

ಈ ಮೂರು ಜಿಲ್ಲೆಗಳ ಬದುಕು ಎರಡು ಬೇರೆ ಬೇರೆ ಆಕಾಶಗಳನ್ನು ನಂಬಿಕೊಂಡಿದೆ. ತುಂಗಾ ಮತ್ತು ಭದ್ರಾ ನದಿಗಳು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಕೂಡಿ, ವರದಾ ನದಿಯನ್ನು ಸೇರಿಸಿಕೊಂಡು ನಮ್ಮತ್ತ ಬರುತ್ತವೆ. ತುಂಗೆಯ ಮಳೆಗಾಡಿಗೆ ಅಂಟಿಕೊಂಡಿರುವ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನಾನೂರು ಕಿಲೋಮೀಟರಿನೊಳಗಿರುವ ನಮ್ಮ ಜಿಲ್ಲೆಗಳಲ್ಲಿ ಬೀಳುವುದು ಸ್ಥೂಲವಾಗಿ 500ರಿಂದ 650 ಮಿಲಿಮೀಟರ್. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟವನ್ನು ಏರುವಾಗ ತಣಿದು ತನ್ನಲ್ಲಿದ್ದ ನೀರನ್ನೆಲ್ಲ ಅಲ್ಲೇ ಸುರಿಸಿಬಿಡುತ್ತದೆ. ಆಚೆಗೆ ಇಳಿದ ಗಾಳಿ ಇಳಿಯುತ್ತ ಬೆಚ್ಚಗಾಗಿ ಒಣಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಕುಷ್ಟಗಿ, ಲಿಂಗಸುಗೂರು, ಮಾನ್ವಿ ಭಾಗದಲ್ಲಿ ಮೋಡಗಳು ಸಾಲುಗಟ್ಟಿ ಓಡಿದರೂ ಹನಿ ಉದುರದೆ ಬರೀ ಗಾಳಿ ಬೀಸುವುದು ಇದೇ ಕಾರಣಕ್ಕೆ.

ಹೀಗಾಗಿ ಹೊಳೆಗೆ ನೀರು ಬರುವುದು ಮಲೆನಾಡಿನ ಆಕಾಶದಿಂದ, ಹೊಲಕ್ಕೆ ಹದ ಬರುವುದು ನಮ್ಮ ತಲೆಯ ಮೇಲಿನ ಆಕಾಶದಿಂದ. ಮಲೆನಾಡಿನ ಮಳೆ ಜುಲೈ–ಆಗಸ್ಟ್‌ನಲ್ಲಿ ಜೋರಾದರೆ, ನಮ್ಮ ಮಳೆಯ ಮುಖ್ಯ ತಿಂಗಳು ಸೆಪ್ಟೆಂಬರ್. ಆ ಹೊತ್ತಿಗೆ ಘಟ್ಟದ ಗಾಳಿಯ ಬಿರುಸು ಇಳಿದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಸಂಜೆಯ ಗುಡುಗು ಮಳೆಗಳೂ ನಮಗೆ ನೀರು ತರುತ್ತವೆ. ಬಿಳಿಜೋಳ, ಕಡಲೆಗಳ ಹಿಂಗಾರಿ ಬಿತ್ತನೆ ನಿಂತಿರುವುದು ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಮೇಲೆಯೇ. ‘ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ’ ಎನ್ನುವ ಮಾತಿದ್ದರೂ ನಮ್ಮ ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ ರೈತ ರೋಹಿಣಿಯನ್ನು ನಂಬಿ ಕೂರುವುದು ಕಡಿಮೆ.

ಹವಾಮಾನ ಬದಲಾವಣೆ ಈ ಎರಡು ಆಕಾಶಗಳನ್ನು ಬೇರೆ ಬೇರೆ ಬಗೆಯಲ್ಲಿ ಮುಟ್ಟುತ್ತದೆ. ಅದನ್ನು ತಿಳಿಯಲು ಗಾಳಿಯ ಒಂದು ಗುಣವನ್ನು ಮೊದಲು ಅರ್ಥಮಾಡಿಕೊಳ್ಳಬೇಕು.

ಬಿಸಿ ಗಾಳಿಯ ದಾಹ

ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಇದು ಭೌತವಿಜ್ಞಾನದ ಹಳೆಯ, ಗಟ್ಟಿಯಾದ ನಿಯಮ, ಇದರಲ್ಲಿ ಅಭಿಪ್ರಾಯಭೇದವಿಲ್ಲ. ನೀರು ಸೇದುವ ಕೊಡ ದೊಡ್ಡದಾದರೆ ಅದು ತುಂಬಲು ಹೆಚ್ಚು ಹೊತ್ತು ಬೇಕು, ಆದರೆ ತುಂಬಿ ಬಗ್ಗಿಸಿದಾಗ ಸುರಿಯುವ ನೀರೂ ಹೆಚ್ಚು. ಬೆಚ್ಚಗಿನ ವಾತಾವರಣ ಹಾಗೆಯೇ ನಡೆದುಕೊಳ್ಳುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಮಣ್ಣು, ಕೆರೆ, ಎಲೆಗಳಿಂದ ಹೆಚ್ಚು ನೀರನ್ನು ಹೀರುತ್ತದೆ. ಹೀರಿದ್ದನ್ನು ಕೂಡಲೇ ಹಿಂದಿರುಗಿಸದೆ ಹೆಚ್ಚು ದಿನ ಇಟ್ಟುಕೊಳ್ಳುತ್ತದೆ. ಕೊನೆಗೆ ಸುರಿಸುವಾಗ ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಒಂದೆರಡು ತಾಸುಗಳಲ್ಲಿ ಸುರಿಸಿಬಿಡುತ್ತದೆ. ಬರವನ್ನು ತೀವ್ರಗೊಳಿಸುವ ಬಲವೂ ನೆರೆಯನ್ನು ತೀವ್ರಗೊಳಿಸುವ ಬಲವೂ ಒಂದೇ ಎಂದದ್ದು ಈ ಅರ್ಥದಲ್ಲಿ.

ಇದು ಪುಸ್ತಕದ ಲೆಕ್ಕವಷ್ಟೇ ಅಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ದೇಶದ ಹವಾಮಾನ ಬದಲಾವಣೆಯ ಮೌಲ್ಯಮಾಪನ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ತಗ್ಗಿದೆ. ಈ ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ. ಎರಡನೆಯ ಹೆಸರು ನಮ್ಮನ್ನು ಬೆಚ್ಚಿಬೀಳಿಸಬೇಕು, ಏಕೆಂದರೆ ತುಂಗಭದ್ರೆಯ ಜಲಮೂಲ ಇರುವುದು ಅಲ್ಲಿಯೇ. ಒಟ್ಟು ಮಳೆ ತಗ್ಗುತ್ತಿರುವಾಗಲೇ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಗಳ ಸಂಖ್ಯೆ 1950ರಿಂದ 2015ರ ನಡುವೆ ಸುಮಾರು ಶೇಕಡಾ 75ರಷ್ಟು ಹೆಚ್ಚಿತು; ದೇಶದಲ್ಲಿ ಮುಂಗಾರಿನ ನಡುವಿನ ಒಣ ಅವಧಿಗಳೂ ಹೆಚ್ಚಾದವು. ಮಳೆಯ ದಿನಗಳು ಕಡಿಮೆ, ಬಿದ್ದ ದಿನದ ಮಳೆ ಹೆಚ್ಚು, ನಡುವಿನ ಬಿಡುವು ಉದ್ದ ಎಂಬ ಮೂರೂ ಸಂಗತಿಗಳು ಒಟ್ಟಿಗೆ ನಡೆಯುತ್ತಿವೆ.

ಹೊಲದಲ್ಲಿ ಕಾಣುವ ಲೆಕ್ಕ

ಈ ಬದಲಾವಣೆ ಜಿಲ್ಲೆಯ ವಾರ್ಷಿಕ ಸರಾಸರಿಯಲ್ಲಿ ಕಾಣುವುದಿಲ್ಲ. ಎರಡು ಕಲ್ಪಿತ ಸೆಪ್ಟೆಂಬರ್‌ಗಳನ್ನು ಹೋಲಿಸಿ ನೋಡೋಣ. ಒಂದರಲ್ಲಿ ಐದಾರು ದಿನಕ್ಕೊಮ್ಮೆ ಇಪ್ಪತ್ತೈದು ಮಿಲಿಮೀಟರಿನಂತೆ ಆರು ಹದ ಮಳೆಗಳು ಬಿದ್ದವು. ಇನ್ನೊಂದರಲ್ಲಿ ಇಪ್ಪತ್ತು ದಿನ ಬಿಸಿಲು ಕಾದು ಆಮೇಲೆ ಒಂದೇ ರಾತ್ರಿ ನೂರೈವತ್ತು ಮಿಲಿಮೀಟರ್ ಸುರಿಯಿತು. ತಹಶೀಲ್ದಾರರ ಕಚೇರಿಯ ಪಟ್ಟಿಯಲ್ಲಿ ಎರಡೂ ತಿಂಗಳು ಒಂದೇ. ‘ವಾಡಿಕೆ ಮಳೆ’ ಎಂದೇ ಬರೆಯಲಾಗುತ್ತದೆ. ಮೊದಲನೆಯ ತಿಂಗಳಲ್ಲಿ ತೊಗರಿ ಹೂವಿಗೆ ಬರುತ್ತದೆ, ಜೋಳದ ಬಿತ್ತನೆ ಮುಗಿಯುತ್ತದೆ. ಎರಡನೆಯದರಲ್ಲಿ ನಿಂತ ಬೆಳೆ ಮೊದಲು ಬಾಡುತ್ತದೆ, ಉಳಿದದ್ದು ಆಮೇಲೆ ಕೊಚ್ಚಿಹೋಗುತ್ತದೆ.

ನೀರು ನೆಲಕ್ಕೆ ಇಳಿಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಎರೆಮಣ್ಣಿನಲ್ಲಿ ಹಿಗ್ಗಿ ಕುಗ್ಗುವ ಜೇಡಿ ಬಹಳ. ಒಣಗಿದಾಗ ನೆಲ ಕೈ ಇಳಿಯುವಷ್ಟು ಅಗಲಕ್ಕೆ, ಮೊಳಕಾಲಿಗೂ ಮೀರಿದ ಆಳಕ್ಕೆ ಬಿರಿಯುತ್ತದೆ. ಆ ಬಿರುಕುಗಳ ಗೋಡೆಗಳಿಂದಲೂ ಆಳದ ತೇವ ಆರಿಹೋಗುತ್ತದೆ. ಮಳೆ ಶುರುವಾದಾಗ ಮೊದಲ ನೀರು ಬಿರುಕಿಗೆ ಇಳಿಯುತ್ತದೆ, ಮಣ್ಣು ನೆನೆದು ಹಿಗ್ಗುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ. ಒಮ್ಮೆ ಮುಚ್ಚಿಕೊಂಡ ಮೇಲೆ ಈ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದು ಬಹಳ ನಿಧಾನ. ಹದವಾದ ಮಳೆ ಬಂದರೆ ಕುಡಿಯಲು ಅದಕ್ಕೆ ವೇಳೆ ಸಿಗುತ್ತದೆ. ಒಂದೇ ರಾತ್ರಿಯ ಮಳೆಯಾದರೆ ಮೇಲಿನ ನೀರು ನಿಲ್ಲಲಾಗದೆ ಬದುವನ್ನು ಒಡೆದುಕೊಂಡು, ಮೇಲ್ಪದರದ ಫಲವತ್ತಾದ ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಕೆಂಪು ಮಸಾರಿ ಹೊಲದಲ್ಲಿ ಕಥೆ ಸ್ವಲ್ಪ ಬೇರೆ: ಅಲ್ಲಿ ದಪ್ಪ ಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಗಟ್ಟಿ ಹೆಪ್ಪುಗಟ್ಟುತ್ತದೆ, ಆಮೇಲೆ ನೀರು ಇಳಿಯುವುದೂ ಇಲ್ಲ, ಶೇಂಗಾ, ಸಜ್ಜೆಯ ಮೊಳಕೆ ಮೇಲೆ ಬರುವುದೂ ಕಷ್ಟ.

ಹಿರಿಯರು ಎರೆ ಹೊಲದಲ್ಲಿ ಬೆಳೆಯ ನಡುವೆ ಮತ್ತೆ ಮತ್ತೆ ಎಡೆ ಹೊಡೆಯುತ್ತಿದ್ದುದು ಕಳೆಗಾಗಿ ಮಾತ್ರವಲ್ಲ. ಎಡೆಕುಂಟೆ ಓಡಿದಾಗ ಮೇಲಿನ ಮಣ್ಣು ಪುಡಿಯಾಗಿ ಬಿರುಕಿಗೆ ಬಿದ್ದು ಅದನ್ನು ತುಂಬುತ್ತದೆ, ಆವಿಯಾಗುವ ದಾರಿ ಮುಚ್ಚುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಡ್ಡು ಕಟ್ಟುವುದು, ಹೊಲದ ತಗ್ಗಿನಲ್ಲಿ ಕಲ್ಲಿನ ಕೋಡಿ ಬಿಡುವುದು, ಈಚೆಗೆ ಬಂದ ಕೃಷಿ ಹೊಂಡ, ಇವೆಲ್ಲವೂ ಒಂದೇ ತತ್ವದ ಮೇಲೆ ನಿಂತಿವೆ: ಸುರಿದ ನೀರಿಗೆ ನಿಲ್ಲಲು ವೇಳೆ ಕೊಡುವುದು. ಮಳೆ ಹದವಾಗಿ ಬರುತ್ತಿದ್ದ ಕಾಲಕ್ಕಿಂತ ಇವುಗಳ ಅಗತ್ಯ ಈಗ ಹೆಚ್ಚು. ಆದರೆ ಹಳೆಯ ಒಡ್ಡುಗಳು ದೊಡ್ಡ ರಾತ್ರಿಮಳೆಗೆ ತಕ್ಕಂತೆ ಕಟ್ಟಿದವಲ್ಲವಾದ್ದರಿಂದ ಕೋಡಿಗಳನ್ನು ಅಗಲಗೊಳಿಸದೆ ಬರೀ ಎತ್ತರಿಸಿದರೆ ಅವು ಒಡೆಯುತ್ತವೆ.

ಜಲಾಶಯದ ಲೆಕ್ಕ

ಇದೇ ತರ್ಕವನ್ನು ದೊಡ್ಡ ಅಳತೆಯಲ್ಲಿ ತುಂಗಭದ್ರಾ ಜಲಾಶಯಕ್ಕೆ ಅನ್ವಯಿಸಿ ನೋಡಬೇಕು. ಹೊಸಪೇಟೆ ಮತ್ತು ಮುನಿರಾಬಾದ್ ನಡುವೆ 1953ರಲ್ಲಿ ಸಿದ್ಧವಾದ ಈ ಜಲಾಶಯದ ಮೇಲ್ಭಾಗದಲ್ಲಿ ಸುಮಾರು 28 ಸಾವಿರ ಚದರ ಕಿಲೋಮೀಟರ್ ಜಲಾನಯನ ಪ್ರದೇಶವಿದೆ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬುತ್ತ ಬಂದು ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ.

ಟಿಎಂಸಿ, ಕ್ಯುಸೆಕ್ ಎಂಬ ಪದಗಳು ನಮ್ಮಲ್ಲಿ ಚಹಾದಂಗಡಿಯ ಮಾತಿನಲ್ಲೂ ಬರುತ್ತವಾದರೂ ಅವೆರಡರ ಸಂಬಂಧವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. 11,574 ಕ್ಯುಸೆಕ್ ಹರಿವು ಒಂದು ದಿನ ಪೂರ್ತಿ ಬಂದರೆ ಒಂದು ಟಿಎಂಸಿ ಆಗುತ್ತದೆ. ಮಲೆನಾಡಿನಲ್ಲಿ ಭಾರಿ ಮಳೆಯಾದಾಗ ಎರಡು ಲಕ್ಷ ಕ್ಯುಸೆಕ್ ಬಂದರೆ ದಿನಕ್ಕೆ 17 ಟಿಎಂಸಿಗೂ ಹೆಚ್ಚು ನೀರು ಬಂದಂತಾಯಿತು. ಹೂಳಿನಿಂದ ಕಳೆದುಕೊಂಡ 27 ಟಿಎಂಸಿ ಜಾಗ ಅಂಥ ಪ್ರವಾಹದ ಒಂದೂವರೆ ದಿನದ ನೀರಿಗೆ ಸಮ.

ಈಗ ಮಳೆಯ ಹಂಚಿಕೆ ಬದಲಾದಾಗ ಏನಾಗುತ್ತದೆ ನೋಡಿ. ವರ್ಷದ ಒಟ್ಟು ಒಳಹರಿವು ಮೊದಲಿನಷ್ಟೇ ಇದ್ದು, ಅದು ಮೂರು ತಿಂಗಳಲ್ಲಿ ಹರಡಿ ಬರುವ ಬದಲು ಮೂರು ವಾರಗಳಲ್ಲಿ ಒತ್ತಿಕೊಂಡು ಬಂದರೆ, ಜಲಾಶಯ ಬೇಗ ತುಂಬಿ, ಉಳಿದ ನೀರನ್ನು ಕ್ರಸ್ಟ್ ಗೇಟುಗಳ, ಅಂದರೆ ಅಣೆಕಟ್ಟಿನ ಕೋಡಿಯ ಬಾಗಿಲುಗಳ ಮೂಲಕ ಹೊಳೆಗೆ ಬಿಡಲೇಬೇಕಾಗುತ್ತದೆ. ಆ ದಿನಗಳಲ್ಲಿ ಕಾಲುವೆಗಳು ಪೂರ್ತಿ ಹರಿದರೂ ಪ್ರವಾಹದ ಸಣ್ಣ ಪಾಲನ್ನಷ್ಟೇ ಎಳೆದುಕೊಳ್ಳಬಲ್ಲವು. ಆಮೇಲೆ ಒಣ ಬಿಡುವು ಬಂದಾಗ ಜಲಾಶಯದಲ್ಲಿ ಇರುವುದು ಅದರ ಹೊಟ್ಟೆ ಹಿಡಿಸಿದಷ್ಟೇ. ಹೊಳೆ ಎರಡೂ ದಡ ಮುಟ್ಟಿ ಹರಿದ ವರ್ಷದಲ್ಲಿಯೇ ಮಾರ್ಚ್‌ಗೆ ಕಾಲುವೆಯಲ್ಲಿ ನೀರಿಲ್ಲವೆಂದು ರೈತರು ರಸ್ತೆಗಿಳಿಯುವುದನ್ನು ಕಂಡವರು ‘ಇಷ್ಟೊಂದು ನೀರು ಎಲ್ಲಿ ಹೋಯಿತು?’ ಎಂದು ಕೇಳುತ್ತಾರೆ. ನೀರು ಬಂದ ದಿನಗಳು ಮತ್ತು ಬೇಕಾದ ದಿನಗಳು ಒಂದಕ್ಕೊಂದು ದೂರವಾದದ್ದೇ ಇದಕ್ಕೆ ಉತ್ತರದ ದೊಡ್ಡ ಭಾಗ.

ಆವಿಯ ಪಾಲನ್ನೂ ಸೇರಿಸಿಕೊಳ್ಳಬೇಕು. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಾಧಿಕರಣವು ಈ ಯೋಜನೆಗೆ ಲೆಕ್ಕ ಹಾಕಿದ 230 ಟಿಎಂಸಿಯಲ್ಲಿ 18 ಟಿಎಂಸಿಯನ್ನು ಆವಿಯಾಗಿ ಹೋಗುವ ನೀರೆಂದೇ ಎತ್ತಿಟ್ಟಿತ್ತು. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ, ಆಳ ಕಡಿಮೆಯಿರುವ, ಬಿಸಿಲ ಬಯಲಿನ ನಡುವೆ ಇರುವ ಜಲಾಶಯಕ್ಕೆ ಅದು ಸಹಜವಾದ ನಷ್ಟ. ಈ ಸೀಮೆಯಲ್ಲಿ ಆಕಾಶ ವರ್ಷಕ್ಕೆ ಹೀರಿಕೊಳ್ಳಬಲ್ಲ ನೀರು, ಬೀಳುವ ಮಳೆಯ ಎರಡೂವರೆಯಿಂದ ಮೂರು ಪಟ್ಟು. ಬಿಸಿ ಏರಿದಷ್ಟೂ ಆ ದಾಹ ಹೆಚ್ಚುತ್ತದೆ.

ಕಟ್ಟಡದ ವಯಸ್ಸೂ ಇದರೊಳಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, ಚೈನ್ ತುಂಡಾಗಿ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಕೂರಿಸುವವರೆಗೆ ಹತ್ತಾರು ಟಿಎಂಸಿ ನೀರು ಹೊಳೆ ಪಾಲಾಯಿತು. ಗೇಟು ಹೋದದ್ದಕ್ಕೆ ಹವಾಮಾನ ಬದಲಾವಣೆಯನ್ನು ಹೊಣೆ ಮಾಡಲು ನಾನು ಸಿದ್ಧನಿಲ್ಲ. ಅದು ಎಪ್ಪತ್ತು ವರ್ಷ ದಾಟಿದ ಕಬ್ಬಿಣದ ಮಾತು. ಆದರೆ ಆ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಮಳೆಯಾಗಿ ಜಲಾಶಯ ತುಂಬಿಕೊಂಡದ್ದರಿಂದ ನಾವು ಬದುಕಿದೆವು ಎಂಬುದನ್ನು ಮರೆಯಬಾರದು. ಹಿಂದಿನ ವರ್ಷದಂತೆ ಮಳೆ ಕೈಕೊಟ್ಟಿದ್ದರೆ ಆ ನಷ್ಟವನ್ನು ತುಂಬುವ ದಾರಿಯೇ ಇರಲಿಲ್ಲ. ಗೇಟುಗಳ ಸುರಕ್ಷತೆಗಾಗಿ 2025ರಲ್ಲಿ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಮಳೆ ಒತ್ತಿಕೊಂಡು ಬರುವ ಕಾಲದಲ್ಲಿ ಹಿಡಿದಿಡುವ ಶಕ್ತಿಯೇ ಕುಗ್ಗುವುದು ಎಂಥ ಇಕ್ಕಟ್ಟು ಎಂಬುದನ್ನು ಎರಡನೇ ಬೆಳೆ ಕಳೆದುಕೊಂಡ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ.

ಬೇರೆಯವರ ಮಳೆ, ನಮ್ಮ ನೆರೆ

2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಬಿದ್ದ ಮಳೆಗೆ ಕೃಷ್ಣೆ ಉಕ್ಕಿತು. ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ಸಂಪರ್ಕ ಕಡಿಯಿತು. ಅದೇ ವಾರಗಳಲ್ಲಿ ತುಂಗಭದ್ರೆಯಿಂದ ಎರಡು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ತಾಲ್ಲೂಕಿನ ವಿರುಪಾಪುರ ಗಡ್ಡೆಯಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ಹೆಲಿಕಾಪ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಕಂಪ್ಲಿ–ಗಂಗಾವತಿ ಸೇತುವೆಯಂತೂ ಹೊರಹರಿವು ಹೆಚ್ಚಿದಾಗಲೆಲ್ಲ ನೀರಿನಡಿ ಹೋಗುತ್ತದೆ. ಇಂಥ ನೆರೆಯಲ್ಲಿ ಹೊಳೆ ದಂಡೆಯ ಊರಿನವರ ತಲೆಯ ಮೇಲೆ ಬಿಸಿಲೇ ಇರಬಹುದು. ಹೊಳೆಯಿಂದ ಹತ್ತು ಕಿಲೋಮೀಟರ್ ಆಚೆಯ ಹೊಲದಲ್ಲಿ ತೊಗರಿ ಮಳೆಗೆ ಕಾಯುತ್ತಿರಬಹುದು. ಈ ಬಗೆಯ ನೆರೆಗೆ ಮುನ್ಸೂಚನೆ ಸಿಗುವುದು ಸುಲಭ, ಏಕೆಂದರೆ ನೀರು ದೂರದಿಂದ ಬರುತ್ತದೆ, ಮೇಲಿನ ಜಲಾಶಯಗಳ ಹೊರಹರಿವು ಮೊದಲೇ ಗೊತ್ತಿರುತ್ತದೆ.

ಹಗರಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ವೇದಾವತಿ ಎಂದೂ ಕರೆಯುವ ಈ ಹೊಳೆ ಹಲವು ವರ್ಷ ಬರೀ ಮರಳಾಗಿ ಮಲಗಿರುತ್ತದೆ. ಬಳ್ಳಾರಿ ತಾಲ್ಲೂಕಿನಲ್ಲಿ ಅದರ ಪಾತ್ರವನ್ನು ನಡೆದೇ ದಾಟಿದ ತಲೆಮಾರುಗಳಿವೆ. 1907ರಲ್ಲಿ ಇದೇ ಹೊಳೆಗೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ಆ ವರ್ಷ ಹಗರಿ ದಂಡೆಯ ಹೊಲಗಳು ನೀರಿನಲ್ಲಿ ನಿಂತವು. ಎರಡೇ ವರ್ಷ ಕಳೆದು 2025ರ ಜನವರಿಯಲ್ಲಿ ಸಾಗರ ಮತ್ತೊಮ್ಮೆ ಕೋಡಿ ಬಿತ್ತು. ಒಣಸೀಮೆಯಲ್ಲೇ ಹುಟ್ಟುವ ಇಂಥ ನೆರೆ ಅಪಾಯಕಾರಿಯಾಗುವುದು ಜನರ ನೆನಪಿನಲ್ಲಿ ಅದು ಇಲ್ಲದಿರುವುದರಿಂದ. ನೀರು ಬಾರದ ಹಳ್ಳದ ಪಾತ್ರದಲ್ಲಿ ಬೋರ್‌ವೆಲ್ ಶೆಡ್ಡು ಏಳುತ್ತದೆ, ಒತ್ತುವರಿಯಾಗುತ್ತದೆ, ಊರೇ ಬೆಳೆಯುತ್ತದೆ.

ಬರ ನಮಗೆ ಹೊಸದೇ?

ಹೊಸದಲ್ಲ. 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತ್ತು. ಆಗ ಪೆಸಿಫಿಕ್ ಸಾಗರದಲ್ಲಿ ಪ್ರಬಲವಾದ ಎಲ್ ನಿನೋ ಇತ್ತು. ಪೆಸಿಫಿಕ್‌ನ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು. 2023 ಕೂಡ ಎಲ್ ನಿನೋ ವರ್ಷ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎಲ್ ನಿನೋ ಬಂದು ಹೋಗುವ ಸಹಜ ಏರಿಳಿತ. ಭೂಮಿಯ ಬಿಸಿ ಒಂದೇ ದಿಕ್ಕಿಗೆ ಏರುತ್ತಿರುವ ಪ್ರವಾಹ. ಮೊದಲನೆಯದು ಎರಡನೆಯದರ ಮೇಲೆ ಕೂತು ಬರುತ್ತದೆ. ಆದ್ದರಿಂದ ಒಂದು ಬರವನ್ನೋ ನೆರೆಯನ್ನೋ ತೋರಿಸಿ ‘ಇದು ಹವಾಮಾನ ಬದಲಾವಣೆಯಿಂದಲೇ ಆದದ್ದು’ ಎನ್ನುವುದು ಸರಿಯಲ್ಲ, ‘ಬರ ಎಂದಿನಿಂದಲೂ ಇತ್ತು’ ಎಂದು ಕೈ ಕೊಡವಿಕೊಳ್ಳುವುದೂ ಸರಿಯಲ್ಲ. ಅಂಥ ವರ್ಷ ಬರುವ ಸಾಧ್ಯತೆ ಎಷ್ಟು ಹೆಚ್ಚಿದೆ, ಬಂದಾಗ ಅದರ ಪೆಟ್ಟು ಎಷ್ಟು ಬಿರುಸಾಗಿದೆ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಬಿಸಿಲು

ರಾಯಚೂರಿನ ಬಿಸಿಲಿನ ಬಗ್ಗೆ ರಾಯಚೂರಿನವರಿಗೆ ಹೇಳುವುದೇನೂ ಇಲ್ಲ. ಆದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಸಿಗಾಳಿ ಎಂದರೆ ಸುಮ್ಮನೆ ಸೆಕೆ ಅಲ್ಲ: ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಡಿಗ್ರಿ ತಲುಪಿರಬೇಕು. ವಾಡಿಕೆಯೇ 40ರ ಆಸುಪಾಸಿನಲ್ಲಿರುವ ನಮ್ಮಲ್ಲಿ ಇಲಾಖೆ ಬಿಸಿಗಾಳಿ ಎಂದು ಘೋಷಿಸದ ದಿನವೂ ದೇಹಕ್ಕೆ ಅಪಾಯಕಾರಿಯಾಗಿರಬಹುದು. ಬೆವರು ಆರಿದಾಗಲಷ್ಟೇ ದೇಹ ತಣಿಯುತ್ತದೆ. ಕಾಲುವೆ ನೀರು ನಿಂತ ಭತ್ತದ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದು ನಿಧಾನ; ಮಸ್ಕಿಯ ಒಣ ಬಯಲಿನ 41 ಡಿಗ್ರಿಗಿಂತ ಕಾರಟಗಿಯ ಗದ್ದೆಯ 39 ಡಿಗ್ರಿ ಕೂಲಿ ಹೆಣ್ಣುಮಗಳನ್ನು ಬೇಗ ಬಳಲಿಸಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಕೊಯ್ಲಿಗೆ, ಇಟ್ಟಿಗೆ ಭಟ್ಟಿಗೆ, ಮೆಣಸಿನಕಾಯಿ ಬಿಡಿಸಲು ಹೋಗುವವರಿಗೂ ಅಂಥದೊಂದು ವೇಳೆ ಬೇಕೆಂದು ಕೇಳುವವರು ಯಾರೂ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಭತ್ತಕ್ಕೂ ಬಿಸಿ ತಟ್ಟುತ್ತದೆ. ಹೂವಾಡುವ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗ ಸತ್ವ ಕಳೆದುಕೊಂಡು ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಜನವರಿಯಲ್ಲಿ ನಾಟಿಯಾದ ಎರಡನೇ ಬೆಳೆ ಹೂವಾಡುವುದು ಮಾರ್ಚ್–ಏಪ್ರಿಲ್ ಬಿಸಿಲಿನ ಬಾಗಿಲಲ್ಲಿ. ರಾತ್ರಿಯೂ ಬಿಸಿ ಇಳಿಯದಿದ್ದರೆ ಗಿಡ ಹಗಲು ಕೂಡಿಟ್ಟದ್ದನ್ನು ಉಸಿರಾಟದಲ್ಲೇ ಖರ್ಚು ಮಾಡುತ್ತದೆ, ಕಾಳಿನ ತೂಕ ಇಳಿಯುತ್ತದೆ. ನಾಟಿ ಎರಡು ವಾರ ತಡವಾದರೂ ಇಳುವರಿ ಕುಸಿಯುತ್ತದೆ ಎನ್ನುವ ಸಿಂಧನೂರು, ಗಂಗಾವತಿ ರೈತರ ಅನುಭವದ ಹಿಂದೆ ಈ ಕಾರಣವಿದೆ.

ಕೊಳವೆಬಾವಿಯ ವಿಷಯ ಚಿಕ್ಕದಾಗಿ ಹೇಳಿಬಿಡಬಹುದು. ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಸಿಗುವುದು ಅದರ ಬಿರುಕುಗಳಲ್ಲಿ ಮಾತ್ರ. ಮಳೆ ಓಡಿಹೋದ ವರ್ಷ ಆ ಬಿರುಕು ತುಂಬುವುದಿಲ್ಲ, ಬೋರ್ ಇನ್ನೂ ಆಳಕ್ಕೆ ಹೋಗುತ್ತದೆ. ಕೊಪ್ಪಳ, ರಾಯಚೂರಿನ ಅನೇಕ ಹಳ್ಳಿಗಳಲ್ಲಿ ಕಲ್ಲಿನೊಡನೆ ಬಹುಕಾಲ ಇದ್ದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬರಗಾಲ ಹೀಗೆ ಮಕ್ಕಳ ಹಲ್ಲು, ಮೂಳೆಗಳವರೆಗೆ ಮುಟ್ಟುತ್ತದೆ.

ಭತ್ತ, ಕಾಲುವೆಯ ಕೊನೆ, ನಿರ್ಧಾರದ ದಿನ

ತುಂಗಭದ್ರಾ ಯೋಜನೆಯನ್ನು ರೂಪಿಸಿದಾಗ ಅದು ಭತ್ತದ ಯೋಜನೆಯಾಗಿರಲಿಲ್ಲ. ಬರದಿಂದ ಹೆಚ್ಚು ಜನರನ್ನು ಕಾಪಾಡಲು, ಇರುವ ನೀರನ್ನು ತೆಳುವಾಗಿ ಹರಡಿ, ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಬಹುಪಾಲು ಭೂಮಿಯನ್ನು ಗುರುತಿಸಿ, ಭತ್ತಕ್ಕೆ ಸಣ್ಣ ಪಾಲು ಬಿಟ್ಟ ರಕ್ಷಣಾ ನೀರಾವರಿ ಅದು. ಭತ್ತಕ್ಕೆ ಒಳ್ಳೆಯ ಬೆಲೆ, ಖಚಿತವಾದ ಮಾರುಕಟ್ಟೆ, ಅಕ್ಕಿ ಗಿರಣಿಗಳು ಬಂದ ಮೇಲೆ ಕಾಲುವೆಯ ಮೇಲ್ಭಾಗವೆಲ್ಲ ಗದ್ದೆಯಾಯಿತು, ಗಂಗಾವತಿ ಭತ್ತದ ಕಣಜವಾಯಿತು. ರೈತರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ನೀರು ಕಣ್ಣೆದುರು ಹರಿಯುವಾಗ ಲಾಭದ ಬೆಳೆಯನ್ನು ಯಾರು ಬಿಡುತ್ತಾರೆ? ಆದರೆ ಪರಿಣಾಮವನ್ನು ಮರೆಮಾಚಲಾಗದು. ಇನ್ನೂರು ಕಿಲೋಮೀಟರಿಗೂ ಉದ್ದವಾದ ಎಡದಂಡೆ ಕಾಲುವೆಯ ಕೊನೆಗಿರುವ ಮಾನ್ವಿ, ಸಿರವಾರ, ರಾಯಚೂರು ಭಾಗಕ್ಕೆ ಗೇಜ್, ಅಂದರೆ ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ, ನಿಲ್ಲುವುದೇ ಇಲ್ಲ, ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಜವುಳು (ನೀರು ನಿಂತ ನೆಲ), ಸವುಳಾಗುತ್ತದೆ (ಉಪ್ಪೇರುತ್ತದೆ). ಮಳೆ ಹದವಾಗಿ ಬರುತ್ತಿದ್ದಾಗ ಕೊನೆಭಾಗದ ರೈತ ಮಳೆಯ ಆಸರೆಯಲ್ಲಿ ಹೇಗೋ ನಿಭಾಯಿಸುತ್ತಿದ್ದ. ಈಗ ಕಾಲುವೆಯೂ ಇಲ್ಲ, ಮಳೆಯ ಹದವೂ ಇಲ್ಲ ಎಂಬಂಥ ವರ್ಷಗಳು ಒಂದರ ಹಿಂದೆ ಒಂದು ಬರುತ್ತಿವೆ.

ಹೂಳು ತೆಗೆಯುವುದು ಅಥವಾ ಕನಕಗಿರಿ ಬಳಿಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವುದು ಈ ಭಾಗದ ಹಳೆಯ ಚರ್ಚೆ. ಪ್ರವಾಹದ ದಿನಗಳ ನೀರನ್ನು ಹಿಡಿದಿಡಬೇಕೆಂಬ ಅದರ ಹಿಂದಿನ ತರ್ಕ, ಈ ಲೇಖನದಲ್ಲಿ ಹೇಳಿದ ಕಾರಣಗಳಿಂದಲೇ, ಸರಿಯಾಗಿದೆ. ಆದರೆ ಅದೊಂದನ್ನೇ ನೆಚ್ಚಿಕೊಂಡು ವರ್ಷಗಳನ್ನು ಕಳೆಯುವುದು ಸರಿಯಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಸೇರಿ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದ್ದು, ನೀರು ನಿಲ್ಲುವ ಜಾಗಗಳನ್ನು ಊರಿನ ಅಳತೆಯಲ್ಲೂ ಮರಳಿ ಪಡೆಯಬಹುದೆಂಬುದಕ್ಕೆ ಸಾಕ್ಷಿ. ನಾಟಿಯ ಬದಲು ಕೂರಿಗೆಯಿಂದ ಭತ್ತದ ನೇರ ಬಿತ್ತನೆ ಮಾಡಿದರೆ ಕೆಸರುಗದ್ದೆ ಮಾಡುವ ನೀರು ಉಳಿಯುತ್ತದೆ. ಕಳೆಯ ತೊಂದರೆ ಇದ್ದರೂ ಈ ಭಾಗದ ಬಹಳ ರೈತರು ಅದನ್ನು ಈಗಾಗಲೇ ಹಿಡಿದಿದ್ದಾರೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಬದಲಾವಣೆ ಒಂದಿದೆ, ಅದರ ಬಗ್ಗೆ ಚರ್ಚೆ ನಡೆಯುವುದೇ ಇಲ್ಲ. ಎರಡನೇ ಬೆಳೆಗೆ ನೀರು ಬಿಡುವ ಬಗ್ಗೆ ನೀರಾವರಿ ಸಲಹಾ ಸಮಿತಿಯ ಸಭೆ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಸಭೆ ಮುಗಿಯುವವರೆಗೆ ಕೊನೆಭಾಗದ ರೈತ ನೀರು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಹೊಲವನ್ನು ಖಾಲಿ ಬಿಟ್ಟಿರುತ್ತಾನೆ. ‘ಈ ಸಲ ನೀರಿಲ್ಲ’ ಎಂಬ ಮಾತು ಬರುವ ಹೊತ್ತಿಗೆ ಮಣ್ಣಿನಲ್ಲಿದ್ದ ಹದ ಆರಿರುತ್ತದೆ. ಮಲೆನಾಡಿನ ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆಗೆ ಜಲಾಶಯದಲ್ಲಿ ಎಷ್ಟಿದೆ, ಅಲ್ಲಿಂದ ಮುಂದೆ ಬರಬಹುದಾದದ್ದು ಕನಿಷ್ಠ ಎಷ್ಟು, ಕಾಲುವೆಯ ಯಾವ ಮೈಲಿನವರೆಗೆ ನೀರು ಖಚಿತ ಎಂಬುದನ್ನು ಅಂದಾಜಿಸುವುದು ಇಂದಿನ ಮಾಹಿತಿಯಿಂದ ಅಸಾಧ್ಯವಲ್ಲ. ಆ ಅಂದಾಜನ್ನು, ಅದರಲ್ಲಿರುವ ಅನಿಶ್ಚಿತತೆಯ ಸಮೇತ, ಅಕ್ಟೋಬರ್ ಮೊದಲ ವಾರದಲ್ಲೇ ಹೇಳಿಬಿಟ್ಟರೆ ಸಿರವಾರದ ರೈತನಿಗೆ ಹಸ್ತ ಮಳೆಯ ಹದದಲ್ಲಿ ಕಡಲೆಯನ್ನೋ ಬಿಳಿಜೋಳವನ್ನೋ ಬಿತ್ತಲು ಇನ್ನೂ ಎರಡು ವಾರ ಉಳಿದಿರುತ್ತವೆ.